ಕೊಟೇಶನ್ನಿನ ಎರಡನೇ ಸಾಲು

ಹೊಸ ಕಂಪ್ಯೂಟರ್ ಕಟ್ಟಿಸಲು ಹೊರಟವರು ಅಂಗಡಿಯಿಂದ ಕೊಟೇಶನ್ ತರಿಸಿಕೊಂಡು, ಅದರ ಫೋಟೊ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾರೆ. ‘ಒಂದ್ಸಲ ನೋಡಿ ಹೇಳಿ’ ಅಂತ ಕೆಳಗೊಂದು ಸಾಲು. ನೆಂಟರ ಮಕ್ಕಳು, ಆಫೀಸಿನ ಗೆಳೆಯರ ಮಕ್ಕಳು, ಆ ಮಕ್ಕಳ ಗೆಳೆಯರು ಹೀಗೆ ಕಳಿಸಿದ ಹಾಳೆಗಳು ನನ್ನ ಫೋನಿನಲ್ಲಿ ಬೇಕಾದಷ್ಟಿವೆ. ಯಾವ ಊರಿನ ಯಾವ ಅಂಗಡಿಯದಾದರೂ ಹಾಳೆಯ ಧಾಟಿ ಹೆಚ್ಚುಕಡಿಮೆ ಒಂದೇ. ಮೊದಲ ಸಾಲಿನಲ್ಲಿ ಪ್ರೊಸೆಸರ್: ಕಂಪನಿ, ಸರಣಿ, ನಂಬರು, ನಂಬರಿನ ಕೊನೆಯ ಅಕ್ಷರದವರೆಗೆ ಪೂರ್ತಿ ಹೆಸರು. ಕೆಳಗೆ ಗ್ರಾಫಿಕ್ಸ್ ಕಾರ್ಡ್: ಎಷ್ಟು ಜಿಬಿ, ಎಷ್ಟು ಫ್ಯಾನು ಎನ್ನುವುದೂ ಸೇರಿ ಅದರ ಜಾತಕವೆಲ್ಲ. ಕ್ಯಾಬಿನೆಟ್ಟಿನ ಎದುರು ಗಾಜು ಎಷ್ಟು, ದೀಪ ಎಷ್ಟು ಎಂಬ ವಿವರ. ಎರಡನೇ ಸಾಲಿನಲ್ಲಿ ಮಾತ್ರ ‘ಮದರ್‌ಬೋರ್ಡ್ – 1’ ಎಂದಷ್ಟೇ ಇರುತ್ತದೆ. ಹೆಚ್ಚೆಂದರೆ ‘ಸೂಟಬಲ್ ಮದರ್‌ಬೋರ್ಡ್ – 1’.

ಆ ಎರಡನೇ ಸಾಲು ಕಂಡರೆ ನನಗೆ ಕಿರಿಕಿರಿ. ಅರವತ್ತು ಎಪ್ಪತ್ತು ಸಾವಿರ ರೂಪಾಯಿ ಕೊಟ್ಟು ಕೊಳ್ಳುವ ಯಂತ್ರದಲ್ಲಿ ಉಳಿದೆಲ್ಲವೂ ಬಂದು ಕೂರುವ ಜಾಗ ಅದು. ಮುಂದೆ ಐದಾರು ವರ್ಷ ಆ ಯಂತ್ರಕ್ಕೆ ಏನನ್ನು ಸೇರಿಸಬಹುದು, ಏನನ್ನು ಸೇರಿಸಲಾಗದು ಎಂದು ತೀರ್ಮಾನಿಸುವುದೂ ಅದೇ. ಅದರ ಹೆಸರು ಬರೆಯುವಷ್ಟು ಪುರುಸೊತ್ತು ಅಂಗಡಿಯವರಿಗಿಲ್ಲ. ಹೆಸರು ಕೇಳಬೇಕೆಂಬುದು ಕೊಳ್ಳುವವರಿಗೆ ಗೊತ್ತಿಲ್ಲ.

ಹೋದ ಬೇಸಿಗೆಯಲ್ಲಿ ದಾವಣಗೆರೆಯಿಂದ ಅಕ್ಕನ ಮಗ ಫೋನ್ ಮಾಡಿದ. ಎರಡನೇ ಪಿಯುಸಿ ಮುಗಿದಿತ್ತು, ಸಿಇಟಿ ಬರೆದಾಗಿತ್ತು. ಚೆನ್ನಾಗಿ ಓದಿದರೆ ಗೇಮಿಂಗ್ ಪಿಸಿ ಕೊಡಿಸುತ್ತೇನೆಂದು ಭಾವ ಮಾತು ಕೊಟ್ಟಿದ್ದರು. ಅವರು ಮಾತಿಗೆ ತಪ್ಪುವವರಲ್ಲ.

‘ಮಾಮ, ಪ್ರೊಸೆಸರ್ ಯಾವ್ದು ಹಾಕಿಸ್ಲಿ? ಐ7 ಬೆಸ್ಟಾ, ರೈಜೆನ್ 7 ಬೆಸ್ಟಾ?’

‘ಯಾವ ಆಟ ಆಡ್ತೀಯೋ?’

‘ಎಲ್ಲಾ.’

‘ಎಲ್ಲಾ ಅಂದ್ರೆ ಯಾವ್ದು ಹೇಳು.’

‘ವ್ಯಾಲರೆಂಟು, ಜಿಟಿಎ, ಆಮೇಲೆ ಸೈಬರ್‌ಪಂಕು. ಏಜ್ ಆಫ್ ಎಂಪೈರ್ಸೂ ಆಡ್ಬೇಕು. ನೀವು ಹೇಳ್ತಿದ್ರಲ್ಲ, ಹಾಸನದಲ್ಲಿ ಆಡ್ತಿದ್ದೆ ಅಂತ.’

ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರ ಮೊದಲ ಮಹಡಿಯಲ್ಲಿ ಒಂದು ಸೈಬರ್ ಕೆಫೆ ಇತ್ತು. ಪ್ಲೈವುಡ್ಡಿನ ಗೂಡುಗಳು, ಗೂಡಿಗೊಂದು ದಪ್ಪ ಮಾನಿಟರ್, ಚಪ್ಪಲಿ ಬಾಗಿಲ ಹೊರಗೆ. ಹಗಲೆಲ್ಲ ಮೇಲ್ ನೋಡುವವರು, ರಿಸಲ್ಟ್ ನೋಡುವವರು. ರಾತ್ರಿ ಎಂಟರ ಮೇಲೆ ಇಡೀ ಕೆಫೆ ನಮ್ಮದು. 1999ರಲ್ಲಿ ಬಂದಿದ್ದ ಏಜ್ ಆಫ್ ಎಂಪೈರ್ಸ್ ಎರಡನೇ ಭಾಗವನ್ನು ಲ್ಯಾನಿನಲ್ಲಿ ಹಾಕಿಕೊಂಡು ಕೂರುತ್ತಿದ್ದೆವು. ಕುರಿ ಹುಡುಕುವುದು, ಮರ ಕಡಿಯುವುದು, ಹೊಲ ಮಾಡುವುದು, ಗೋಡೆ ಎಬ್ಬಿಸುವುದು. ಮೊದಲ ಅರ್ಧ ಗಂಟೆ ಎಲ್ಲ ಸರಾಗ. ಎರಡು ಸೈನ್ಯ ಎದುರುಬದುರಾದ ಕೂಡಲೇ ಆಟ ತೆವಳಲು ಶುರುವಾಗುತ್ತಿತ್ತು. ಒಬ್ಬರದ್ದಲ್ಲ, ಎಲ್ಲರದ್ದೂ. ‘ಮೂಲೇಲಿ ಯಾರೋ ಕೂತಿರೋದು?’ ಅಂತ ಒಬ್ಬ ಕೂಗುತ್ತಿದ್ದ. ಮೂಲೆಯ ಗೂಡಿನಲ್ಲಿ ಒಂದು ಹಳೆಯ ಸೆಲೆರಾನ್ ಯಂತ್ರ ಇತ್ತು. ಅದರ ಮುಂದೆ ಕೂತವನಿಗೆ ಆ ರಾತ್ರಿಯ ಬೈಗುಳವೆಲ್ಲ ಮೀಸಲು.

ಬೈಗುಳದಲ್ಲಿ ಸತ್ಯವಿತ್ತು. ಆ ಆಟದಲ್ಲಿ ಪ್ರತಿ ಕಂಪ್ಯೂಟರೂ ಇಡೀ ಯುದ್ಧವನ್ನು ತಾನೇ ಲೆಕ್ಕ ಹಾಕುತ್ತದೆ. ಲ್ಯಾನ್ ತಂತಿಯಲ್ಲಿ ಹರಿದಾಡುವುದು ಆಟಗಾರರ ಅಪ್ಪಣೆಗಳು ಮಾತ್ರ. ಈ ಬಿಲ್ಲುಗಾರ ಹೊಳೆ ಬಳಸಿ ಹೋಗಬೇಕೋ, ಕಾಡು ಬಳಸಿ ಹೋಗಬೇಕೋ, ದಾರಿಯಲ್ಲಿ ಇನ್ನೊಬ್ಬ ಅಡ್ಡ ಬಂದರೆ ಯಾವ ಕಡೆ ಸರಿಯಬೇಕು ಎಂದು ನೂರಾರು ಜನರ ಪರವಾಗಿ ಪ್ರೊಸೆಸರ್ ಕ್ಷಣಕ್ಷಣವೂ ಯೋಚಿಸುತ್ತಿರಬೇಕು. ಎಲ್ಲರ ಯಂತ್ರಗಳೂ ಒಂದೇ ಹೆಜ್ಜೆಯಲ್ಲಿ ಸಾಗಬೇಕಾದ್ದರಿಂದ ತೀರ ನಿಧಾನದ ಯಂತ್ರಕ್ಕಾಗಿ ಉಳಿದವೆಲ್ಲ ಕಾಯುತ್ತವೆ. ಆಟದಲ್ಲಿ ಪ್ರೊಸೆಸರಿನ ಕೆಲಸ ಏನೆಂದು ನಾನು ಕಲಿತದ್ದು ಕ್ಲಾಸಿನಲ್ಲಲ್ಲ, ಆ ಪ್ಲೈವುಡ್ ಗೂಡಿನಲ್ಲಿ. ಯಾರು ಎಲ್ಲಿದ್ದಾರೆ, ಯಾರ ಗುಂಡು ಯಾರಿಗೆ ತಾಗಿತು, ಕಾರು ಗೋಡೆಗೆ ಬಡಿದರೆ ಎತ್ತ ತಿರುಗಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಪ್ರೊಸೆಸರ್. ನಿರ್ಧಾರವಾದದ್ದನ್ನು ಬಣ್ಣ ತುಂಬಿ, ನೆರಳು ಬೆಳಕು ಕೊಟ್ಟು ಪರದೆಗೆ ತರುವುದು ಗ್ರಾಫಿಕ್ಸ್ ಕಾರ್ಡ್.

ಇದನ್ನೇ ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದು ಚಿತ್ರಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡು. 144 ಬೇಕೆಂದರೆ 7 ಮಿಲಿಸೆಕೆಂಡೂ ಸಿಗುವುದಿಲ್ಲ. ಅಷ್ಟರೊಳಗೆ ಪ್ರೊಸೆಸರ್ ತನ್ನ ಪಾಲನ್ನು ಮುಗಿಸಿ ಕಾರ್ಡಿಗೆ ದಾಟಿಸಬೇಕು. ವ್ಯಾಲರೆಂಟಿನಂಥ ಆಟದಲ್ಲಿ ಚಿತ್ರ ಸರಳ, ವೇಗವೇ ಮುಖ್ಯ. ಅಲ್ಲಿ ಪ್ರೊಸೆಸರ್ ಚುರುಕಾಗಿದ್ದಷ್ಟೂ ಒಳ್ಳೆಯದು. ಸೈಬರ್‌ಪಂಕಿನಲ್ಲಿ ಮಳೆ ಬಿದ್ದ ರಸ್ತೆಯ ಮೇಲೆ ನಿಯಾನ್ ದೀಪ ಹೊಳೆಯುವುದನ್ನು ನೋಡಬೇಕೆಂದರೆ ದುಡ್ಡನ್ನು ಕಾರ್ಡಿಗೆ ಸುರಿಯಬೇಕು. ಪ್ರೊಸೆಸರ್ ತಕ್ಕಮಟ್ಟಿಗಿದ್ದರೆ ಸಾಕು. ಮಾನಿಟರ್ ದೊಡ್ಡದಾಗಿ, ಚಿತ್ರದ ಚುಕ್ಕಿಗಳು ಹೆಚ್ಚಾದಂತೆ ಹೊರೆ ಕಾರ್ಡಿನ ಕಡೆ ವಾಲುತ್ತದೆ. ಮೊದಲ ಗೇಮಿಂಗ್ ಪಿಸಿಗೆ ಆರು ಕೋರಿನ ಒಂದು ಒಳ್ಳೆಯ ಪ್ರೊಸೆಸರ್ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಐ7, ರೈಜೆನ್ 7 ಅಂತ ಏರಿ, ಉಳಿದ ಚಿಲ್ಲರೆಯಲ್ಲಿ ಬಡಕಲು ಕಾರ್ಡು, ಬಡಕಲು ಬೋರ್ಡು ಹಾಕಿಸಿಕೊಂಡವರ ಯಂತ್ರದಲ್ಲಿ ಆಟ ಚೆನ್ನಾಗಿ ಓಡಿದ್ದನ್ನು ನಾನು ಕಂಡಿಲ್ಲ.

ಆರು ಕೋರಿನ ಮಾತು ಬಂದಾಗ ನನಗೊಂದು ಹೆಮ್ಮೆಯ ವಿಷಯ ನೆನಪಾಗುತ್ತದೆ, ಹುಡುಗರಿಗೆ ಹೇಳದೆ ಬಿಡುವುದಿಲ್ಲ. ಇಂಟೆಲ್ ಕಂಪನಿ ತನ್ನ ಮೊದಲ ಆರು ಕೋರಿನ ಪ್ರೊಸೆಸರನ್ನು ಹೊರತಂದದ್ದು 2008ರ ಸೆಪ್ಟೆಂಬರಿನಲ್ಲಿ. ಝಿಯಾನ್ 7400 ಸರಣಿ, ಒಳಹೆಸರು ಡನ್ನಿಂಗ್ಟನ್, ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳು. ಅದರ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಅದು ದೊಡ್ಡ ಸರ್ವರುಗಳಿಗೆಂದು ಮಾಡಿದ್ದು, ಆಟದ ಹುಡುಗರ ಕೈಗೆ ಬರುವಂಥದಲ್ಲ. ಆದರೂ ಇಂದು ಪಿಯುಸಿ ಮುಗಿಸಿದ ಹುಡುಗನ ಮೇಜಿನ ಮೇಲೆ ಆರು ಕೋರು ಸಾಧಾರಣ ಸಂಗತಿಯಾಗಿರುವ ಕಥೆಯ ಮೊದಲ ಪುಟಗಳಲ್ಲಿ ನಮ್ಮ ಊರಿನ ಎಂಜಿನಿಯರುಗಳಿದ್ದಾರೆ. ಎಎಂಡಿ ಕೂಡ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ನಮ್ಮ ಪಕ್ಕದಲ್ಲೇ ಕ್ಯಾಬಿನಲ್ಲಿ ತೂಕಡಿಸುತ್ತಿರುವ ಯಾರೋ ಒಬ್ಬರು ಮುಂದಿನ ಪ್ರೊಸೆಸರಿನ ಒಂದು ಮೂಲೆಯನ್ನು ಬರೆದು ಮುಗಿಸಿ ಮನೆಗೆ ಹೋಗುತ್ತಿರಬಹುದು.

ಹಾಸನದ ಆ ಮೂಲೆಯ ಯಂತ್ರದ ಕಥೆ ಅಲ್ಲಿಗೇ ಮುಗಿಯಲಿಲ್ಲ. ನಿಧಾನದ ಜೊತೆಗೆ ಅದಕ್ಕೆ ಇನ್ನೊಂದು ರೋಗ ಹತ್ತಿಕೊಂಡಿತು. ಯುದ್ಧ ಕಾವೇರಿದಾಗ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುವುದು. ಕೆಫೆಯ ಯಜಮಾನರು ಪ್ರೊಸೆಸರ್ ಕೆಟ್ಟಿದೆಯೆಂದು ಬೇರೆಯದನ್ನು ಹಾಕಿಸಿದರು. ಈಗ ಆಟ ವೇಗವಾಯಿತು, ಆಫ್ ಆಗುವುದು ಮಾತ್ರ ನಿಲ್ಲಲಿಲ್ಲ. ಕಡೆಗೆ ರಿಪೇರಿಯ ಅಣ್ಣನೊಬ್ಬರು ಬಂದರು. ಅವರು ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ಟಾರ್ಚ್ ಹಿಡಿದು, ನಮ್ಮನ್ನೆಲ್ಲ ಹತ್ತಿರ ಕರೆದರು. ಪ್ರೊಸೆಸರಿನ ಸುತ್ತ ಸಾಲಾಗಿ ನಿಂತಿದ್ದ ಸಣ್ಣ ಉರುಳೆಗಳು ಕೆಪಾಸಿಟರುಗಳು. ಅವುಗಳ ನೆತ್ತಿ ಸಪಾಟಾಗಿರಬೇಕು, ನೆತ್ತಿಯ ಮೇಲೆ ಕೂಡಿಸುವ ಗುರುತಿನ ಗೀರು ಇರುತ್ತದೆ. ಅಲ್ಲಿ ನಾಲ್ಕೈದು ಕೆಪಾಸಿಟರುಗಳ ನೆತ್ತಿ ಉಬ್ಬಿ, ಗೀರು ಬಿರಿದು, ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು. ‘ಪ್ರೊಸೆಸರ್ ಏನು ತಪ್ಪು ಮಾಡಿಲ್ಲ ಕಣ್ರಪ್ಪ. ಅದಕ್ಕೆ ಊಟ ಬಡಿಸೋರೇ ಮಲಗಿದಾರೆ’ ಎಂದರು ಅಣ್ಣ. ಆ ವರ್ಷಗಳಲ್ಲಿ ಪ್ರಪಂಚದಾದ್ಯಂತ ಬೋರ್ಡುಗಳು ಹೀಗೆ ಸತ್ತವು. ಕೆಪಾಸಿಟರಿನ ಒಳಗಿನ ದ್ರವ ಸರಿಯಿಲ್ಲದೆ ಅನಿಲ ಹುಟ್ಟಿ ಉಬ್ಬುತ್ತಿದ್ದವು. ಇಂದಿನ ಬೋರ್ಡುಗಳಲ್ಲಿ ಪ್ರೊಸೆಸರಿನ ಸುತ್ತ ದ್ರವವಿಲ್ಲದ ಘನ ಕೆಪಾಸಿಟರುಗಳಿರುತ್ತವೆ. ಆ ಕಾಟ ಬಹುಪಾಲು ತಪ್ಪಿದೆ. ಅಣ್ಣ ಬೋರ್ಡನ್ನು ಬಿಚ್ಚಿ, ಮಗುಚಿ ಹಾಕಿ, ಬೆಸುಗೆ ಕರಗಿಸಿ, ಹಳೆಯದನ್ನು ಒಂದೊಂದಾಗಿ ಎಳೆದು ಹೊಸದನ್ನು ಕೂರಿಸಿದರು. ಅದಾದ ಮೇಲೆ ಆ ಯಂತ್ರ ನಾವು ಕಾಲೇಜು ಬಿಡುವವರೆಗೂ ತೊಂದರೆ ಕೊಡಲಿಲ್ಲ.

ಬೋರ್ಡನ್ನು ನೋಡುವ ಕಣ್ಣು ನನಗೆ ಬಂದದ್ದು ಆ ಟಾರ್ಚ್ ಬೆಳಕಿನಲ್ಲಿ. ಎಸ್‌ಎಂಪಿಎಸ್‌ನಿಂದ ಬರುವ ಕರೆಂಟು 12 ವೋಲ್ಟಿನದು. ಪ್ರೊಸೆಸರಿಗೆ ಬೇಕಾದ್ದು ಒಂದು ವೋಲ್ಟಿನ ಆಸುಪಾಸು. ಅದೂ ಒಂದೇ ಸಮನೆ ಅಲ್ಲ: ಡೆಸ್ಕ್‌ಟಾಪ್ ಸುಮ್ಮನೆ ತೆರೆದಿಟ್ಟಾಗ ಗುಟುಕು, ಆಟದಲ್ಲಿ ಬಾಂಬು ಸಿಡಿದಾಗ ಒಮ್ಮೆಲೇ ಅರವತ್ತು ಎಪ್ಪತ್ತು ಆಂಪಿಯರ್. ನಮ್ಮ ಹಳೇ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬು ಎತ್ತಿ ಇಳಿಸಿ ಯಾವ ಗದ್ದೆಗೆ ಎಷ್ಟು ಹೊತ್ತು ಎಷ್ಟು ನೀರೆಂದು ನೋಡಿಕೊಳ್ಳುವ ನೀರುಗಂಟಿ ಇರುತ್ತಿದ್ದನಲ್ಲ, ಬೋರ್ಡಿನ ಮೇಲೆ ಆ ಕೆಲಸಕ್ಕೆಂದೇ ಒಂದು ತಂಡವಿದೆ. ವಿಆರ್‌ಎಂ ಅಂತ ಅದರ ಹೆಸರು. ಪ್ರೊಸೆಸರ್ ಕೂರುವ ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ಸಾಲಾಗಿ ಕೂತ ಬೂದು ಬಣ್ಣದ ಚೌಕಗಳು ಅವೇ. ಅವುಗಳ ಪಕ್ಕದಲ್ಲಿ ಬಿಸಿಯಾಗುವ ಪುಟ್ಟ ಮಾಸ್ಫೆಟ್ಟುಗಳಿರುತ್ತವೆ, ಒಳ್ಳೆಯ ಬೋರ್ಡಿನಲ್ಲಿ ಅವುಗಳ ಮೇಲೆ ಅಲ್ಯುಮಿನಿಯಂ ಹೀಟ್‌ಸಿಂಕ್. ತೀರ ಅಗ್ಗದ ಬೋರ್ಡುಗಳಲ್ಲಿ ಹೀಟ್‌ಸಿಂಕ್ ಇರುವುದೇ ಇಲ್ಲ. ಅಂಥ ಬೋರ್ಡಿನ ಮೇಲೆ ಭಾರಿ ಪ್ರೊಸೆಸರ್ ಕೂರಿಸಿದರೆ ಬಿಸಿ ತಡೆಯಲಾರದೆ ಬೋರ್ಡು ಪ್ರೊಸೆಸರಿನ ವೇಗವನ್ನೇ ಇಳಿಸಿಬಿಡುತ್ತದೆ. ದುಡ್ಡು ಕೊಟ್ಟ ವೇಗ ಕೈಗೆ ಸಿಗುವುದಿಲ್ಲ. ದಾವಣಗೆರೆಯ ಏಪ್ರಿಲ್‌ನಲ್ಲಿ, ಕಲಬುರಗಿ ರಾಯಚೂರಿನ ಮೇ ತಿಂಗಳಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ ಕೂತು ಆಡುವವರು ಈ ಹೀಟ್‌ಸಿಂಕ್ ಇದೆಯೇ ಇಲ್ಲವೇ ಎಂದು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿಯಾದರೂ ಖಾತ್ರಿ ಮಾಡಿಕೊಳ್ಳಬೇಕು.

ಇನ್ನು ಸಾಕೆಟ್ಟು. ಬೋರ್ಡಿನ ಬಾಳು ನಿಂತಿರುವುದು ಇದರ ಮೇಲೆ. ನನ್ನ ಗೆಳೆಯರೊಬ್ಬರು 2017ರಲ್ಲಿ ಎಎಂ4 ಸಾಕೆಟ್ಟಿನ ಬಿ350 ಬೋರ್ಡು ಕೊಂಡು ರೈಜೆನ್ 5 1600 ಹಾಕಿಸಿದ್ದರು. ಐದು ವರ್ಷದ ಮೇಲೆ ಎಎಂಡಿ ಆ ಹಳೆಯ ಬೋರ್ಡುಗಳಿಗೂ 5000 ಸರಣಿಯ ಪ್ರೊಸೆಸರುಗಳನ್ನು ಒಪ್ಪುವ ಬಯಾಸ್ ಬರಲು ಅನುಮತಿ ಕೊಟ್ಟಿತು. ಅವರು ಬಯಾಸ್ ಹೊಸದು ಮಾಡಿ, ಹಳೆಯ ಪ್ರೊಸೆಸರ್ ತೆಗೆದು, ಅದೇ ಜಾಗದಲ್ಲಿ ರೈಜೆನ್ 5 5600 ಇಟ್ಟರು. ರ‍್ಯಾಮು, ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು ಎಲ್ಲ ಹಳೆಯವೇ. ಬೇಕೆಂದರೆ ಅದೇ ಬೋರ್ಡಿಗೆ 96 ಎಂಬಿ ಕ್ಯಾಶ್ ಇರುವ 5800ಎಕ್ಸ್3ಡಿ ಕೂಡ ಹಾಕಬಹುದಿತ್ತು. 2022ರಲ್ಲಿ ಬಂದ ಆ ಪ್ರೊಸೆಸರ್ ಆಟಗಳಿಗೆಂದೇ ಹೆಸರಾದದ್ದು. ಇಂಟೆಲಿನ ದಾರಿ ಬೇರೆ. 2017ರ ಅಕ್ಟೋಬರಿನಲ್ಲಿ ಅವರ ಎಂಟನೇ ಪೀಳಿಗೆ ಬಂದಾಗ ಪಿನ್ನುಗಳ ಸಂಖ್ಯೆ ಅದೇ 1151 ಇದ್ದರೂ ಅದಕ್ಕೆ ಹಿಂದಿನ ಬೋರ್ಡುಗಳು ಆಗಲಿಲ್ಲ. ಮುಂದೆ 1200 ಪಿನ್ನು, ಆಮೇಲೆ 1700, 2024ರ ಕೊನೆಗೆ 1851. ಅವರ 1700 ಸಾಕೆಟ್ಟು 12, 13, 14ನೇ ಪೀಳಿಗೆಗಳನ್ನು ಕಂಡಿತು, ಅದು ಅವರ ಮಟ್ಟಿಗೆ ದೀರ್ಘಾಯುಷ್ಯ. ಇಂಟೆಲ್ ಬೇಡ ಎಂದು ನಾನು ಹೇಳುವವನಲ್ಲ. ಕಡಿಮೆ ದುಡ್ಡಿನಲ್ಲಿ ಐ5-12400ಎಫ್ ಸಿಕ್ಕಾಗ ನಾನೇ ಹಲವರಿಗೆ ಅದನ್ನು ಹಾಕಿಸಿಕೊಟ್ಟಿದ್ದೇನೆ, ಇಂದಿಗೂ ಚೆನ್ನಾಗಿ ನಡೆಯುತ್ತಿವೆ. ಆದರೆ ಮೊದಲ ಪಿಸಿ ಕಟ್ಟುವ ಹುಡುಗನಿಗೆ ದುಡ್ಡು ಇಂದು ಇರುವುದು ಇಷ್ಟೇ. ನಾಳೆ ಕೆಲಸ ಸಿಕ್ಕಾಗ ಇನ್ನಷ್ಟು ಬರುತ್ತದೆ. ಅವನ ಬೋರ್ಡು ಆ ನಾಳೆಗೂ ಬಾಗಿಲು ತೆರೆದಿರಬೇಕು. 2022ರ ಸೆಪ್ಟೆಂಬರಿನಲ್ಲಿ ಶುರುವಾದ ಎಎಂ5 ಸಾಕೆಟ್ಟನ್ನು 2027ರವರೆಗೆ ಮತ್ತು ಅದರಾಚೆಗೂ ನಡೆಸುತ್ತೇವೆಂದು ಎಎಂಡಿ ಬಹಿರಂಗವಾಗಿ ಹೇಳಿದೆ. ನನ್ನ ಮತ ಬಿದ್ದದ್ದು ಅದಕ್ಕೆ.

ಬಯಾಸ್ ಎಂದೆನಲ್ಲ, ಯಂತ್ರವನ್ನು ಎಬ್ಬಿಸುವ ಆ ತಂತ್ರಾಂಶ ಇರುವುದೂ ಬೋರ್ಡಿನ ಮೇಲೇ, ಒಂದು ಪುಟ್ಟ ಚಿಪ್ಪಿನಲ್ಲಿ. 2024ರಲ್ಲಿ ಇಂಟೆಲಿನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರುಗಳು ಅತಿಯಾದ ವೋಲ್ಟೇಜ್ ಬೇಡಿ ಹದಗೆಡುತ್ತಿವೆ ಎಂಬುದು ಬಯಲಾದಾಗ ಕಂಪನಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು, ಜೊತೆಗೆ ತಿದ್ದುಪಡಿಯೊಂದನ್ನು ಕೊಟ್ಟಿತು. ಆ ತಿದ್ದುಪಡಿ ಜನರ ಮನೆ ತಲುಪಿದ್ದು ಮದರ್‌ಬೋರ್ಡ್ ತಯಾರಕರ ಬಯಾಸ್ ಮೂಲಕ. ಹೊಸ ಬಯಾಸನ್ನು ತಪ್ಪದೆ ಕೊಡುವ ತಯಾರಕನ ಬೋರ್ಡು ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಅಂಗಡಿಯಲ್ಲಿ ಹಳೆಯ ಸ್ಟಾಕಿನ ಬೋರ್ಡು, ಹೊಸ ಪ್ರೊಸೆಸರ್ ಸೇರಿದರೆ ಪರದೆ ಮೇಲೆ ಏನೂ ಬರುವುದಿಲ್ಲ. ‘ಬಯಾಸ್ ಅಪ್‌ಡೇಟ್ ಮಾಡಿ ಕೊಡಿ’ ಎಂದು ಬಿಲ್ ಮಾಡಿಸುವ ಮುಂಚೆಯೇ ಕೇಳಬೇಕು. ಕೆಲವು ಬೋರ್ಡುಗಳ ಹಿಂಬದಿಯಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯಾಸ್ ತುಂಬುವ ಒಂದು ಗುಂಡಿ ಇರುತ್ತದೆ. ಸ್ವಲ್ಪ ಹೆಚ್ಚು ಕೊಟ್ಟಾದರೂ ಆ ಗುಂಡಿ ಇರುವುದನ್ನೇ ಕೊಳ್ಳಿ ಎನ್ನುತ್ತೇನೆ.

ಹುಡುಗ ರೈಲು ಹತ್ತಿ ಬೆಂಗಳೂರಿಗೆ ಬಂದ. ಇಬ್ಬರೂ ಎಸ್.ಪಿ. ರಸ್ತೆಗೆ ಹೋದೆವು. ಟೌನ್‌ಹಾಲಿನಿಂದ ನಡೆದು ಹೋಗುವಷ್ಟು ಹತ್ತಿರ. ಪಂಪು, ಮೋಟಾರು, ತಂತಿಯ ಸುರುಳಿ, ಸ್ಪಾನರುಗಳ ನಡುವೆ ಕಂಪ್ಯೂಟರಿನ ಅಂಗಡಿಗಳು; ಕೈಗಾಡಿ ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕು. ನನಗೆ ಆ ಬೀದಿ ಇಷ್ಟ. ಆನ್‌ಲೈನಿನಲ್ಲಿ ಕೆಲವೊಮ್ಮೆ ಬೆಲೆ ಇಳಿದಿರುತ್ತದೆ, ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಗಾಜಿನ ಕೌಂಟರಿನ ಮೇಲೆ ಎರಡು ಬೋರ್ಡುಗಳನ್ನು ಅಕ್ಕಪಕ್ಕ ಇಡಿಸಿ, ಕಣ್ಣಾರೆ ನೋಡಿ, ಎತ್ತಿ ತೂಕ ಅಂದಾಜು ಮಾಡುವ ಸುಖ ಅಲ್ಲಿ ಮಾತ್ರ ಸಿಗುತ್ತದೆ. ಅಂಗಡಿಯ ಹುಡುಗ ಎ620 ಬೋರ್ಡೊಂದನ್ನೂ ಬಿ650 ಬೋರ್ಡೊಂದನ್ನೂ ತೆಗೆದಿಟ್ಟ. ಎರಡೂ ಮೈಕ್ರೊ ಎಟಿಎಕ್ಸ್, 244 ಮಿಲಿಮೀಟರ್ ಚೌಕ. ಮೊದಲನೆಯದರಲ್ಲಿ ರ‍್ಯಾಮಿಗೆ ಎರಡೇ ಸ್ಲಾಟು, ವಿಆರ್‌ಎಂ ಬೋಳು. ಎರಡನೆಯದರಲ್ಲಿ ನಾಲ್ಕು ಸ್ಲಾಟು, ಎರಡು ಕಡೆ ಹೀಟ್‌ಸಿಂಕು, ಎಸ್‌ಎಸ್‌ಡಿಗೆ ಎರಡು ಎಂ.2 ಜಾಗ, ಹಿಂದೆ ಬಯಾಸ್ ಗುಂಡಿ. ಅಕ್ಕನ ಮಗ ಎರಡನ್ನೂ ಬಹಳ ಹೊತ್ತು ನೋಡಿದ. ಯಾವುದೆಂದು ನಾನು ಹೇಳಬೇಕಾಗಲಿಲ್ಲ.

ಪ್ರೊಸೆಸರಿನ ವಿಷಯದಲ್ಲಿ ಅಕ್ಷರಗಳ ಬಗ್ಗೆ ಒಂದು ಮಾತು. ಇಂಟೆಲಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಚಿತ್ರ ಮೂಡಿಸುವ ಭಾಗ ಕೆಲಸ ಮಾಡುವುದಿಲ್ಲ. ಬೇರೆ ಕಾರ್ಡು ಹಾಕದೆ ಮಾನಿಟರಿನಲ್ಲಿ ಏನೂ ಕಾಣದು. ‘ಕೆ’ ಇದ್ದರೆ ವೇಗವನ್ನು ಕೈಯಾರೆ ಏರಿಸಬಹುದು, ಆದರೆ ಅದಕ್ಕೆ ‘ಝಡ್’ ಚಿಪ್‌ಸೆಟ್ಟಿನ ದುಬಾರಿ ಬೋರ್ಡೇ ಬೇಕು. ಎಎಂಡಿಯ ‘ಜಿ’ ಎಂದರೆ ಒಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇದೆಯೆಂದು. ಭಾವನ ಬಜೆಟ್ಟಿನಲ್ಲಿ ಒಳ್ಳೆಯ ಬೋರ್ಡು, ಒಳ್ಳೆಯ ಎಸ್‌ಎಂಪಿಎಸ್ ಕೊಂಡ ಮೇಲೆ ಒಳ್ಳೆಯ ಕಾರ್ಡಿಗೆ ದುಡ್ಡು ಸಾಲುತ್ತಿರಲಿಲ್ಲ. ಅರೆಬರೆ ಕಾರ್ಡು ತರುವುದಕ್ಕಿಂತ ಕಾಯುವುದು ಮೇಲೆಂದು ನಿರ್ಧರಿಸಿದೆವು. ಅದಕ್ಕೇ ರೈಜೆನ್ 5 7600: ಆರು ಕೋರು, ಹನ್ನೆರಡು ಥ್ರೆಡ್ಡು, 65 ವ್ಯಾಟು, ಪೆಟ್ಟಿಗೆಯಲ್ಲೇ ಕೂಲರು, ಪರದೆ ಬೆಳಗುವಷ್ಟು ಗ್ರಾಫಿಕ್ಸ್ ಒಳಗೇ ಇದೆ. ಕಾರ್ಡು ದೀಪಾವಳಿಗೆ.

ಪೆಟ್ಟಿಗೆಗಳನ್ನು ಹೊತ್ತು ದಾವಣಗೆರೆಗೆ ನಾನೂ ಹೋದೆ. ಅಕ್ಕ ಊಟದ ಮೇಜನ್ನು ಖಾಲಿ ಮಾಡಿಕೊಟ್ಟಳು. ‘ಆಟಕ್ಕೆ ಇಷ್ಟೊಂದಾ?’ ಎಂದು ಅವಳು ಕೇಳಿದ್ದು ಗದರಿಕೆಯಲ್ಲ, ನಿಜವಾದ ಪ್ರಶ್ನೆ. ನಾನು ಮಗನ ಕೈಗೆ ಪ್ರೊಸೆಸರ್ ಕೊಟ್ಟೆ. ಅವನು ಅದರ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನೂ ಸಾಕೆಟ್ಟಿನ ಮೂಲೆಯ ಗುರುತನ್ನೂ ಹೊಂದಿಸಿದ. ಎಎಂ5ರಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನಲ್ಲಿ. 1718 ಪಿನ್ನುಗಳು, ಕೂದಲೆಳೆಯಷ್ಟು ತೆಳು, ಒಂದು ಬಾಗಿದರೂ ಕಷ್ಟ. ಅವನು ಉಸಿರು ಹಿಡಿದು ಅಂಚುಗಳನ್ನಷ್ಟೇ ಮುಟ್ಟಿ ಪ್ರೊಸೆಸರನ್ನು ಇಳಿಸಿದ. ಸರಳು ಒತ್ತುವಾಗ ಕಿರಕ್ಕೆಂದು ಸದ್ದಾಯಿತು. ಅಕ್ಕ ಗಾಬರಿಯಾಗಿ ‘ಮುರೀತೇನೋ!’ ಎಂದಳು. ಅಷ್ಟರಲ್ಲಿ ಸಾಕೆಟ್ಟಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಟಪ್ಪೆಂದು ತಾನಾಗಿ ಎದ್ದು ಮೇಜಿನ ಮೇಲೆ ಬಿತ್ತು. ಪ್ರೊಸೆಸರ್ ಸರಿಯಾಗಿ ಕೂತಾಗ ಹಾಗೆಯೇ ಆಗಬೇಕು. ರ‍್ಯಾಮಿನ ಎರಡು ಕಡ್ಡಿಗಳನ್ನು ಪ್ರೊಸೆಸರಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದ. ಒತ್ತೊತ್ತಾಗಿ ಮೊದಲೆರಡಕ್ಕೆ ಹಾಕಿದರೆ ಡ್ಯುಯಲ್ ಚಾನೆಲ್ ಸಿಗುವುದಿಲ್ಲ, ಆಟ ಕುಂಟುತ್ತದೆ.

ಸ್ವಿಚ್ ಒತ್ತಿದ ಮೇಲೆ ಫ್ಯಾನು ತಿರುಗಿತು, ಪರದೆ ಕಪ್ಪಾಗೇ ಇತ್ತು. ಬೋರ್ಡಿನ ಮೂಲೆಯಲ್ಲಿ ‘ಡಿರ‍್ಯಾಮ್’ ಎಂಬ ಬರಹದ ಪಕ್ಕ ಸಣ್ಣ ದೀಪ ಹೊತ್ತಿ ನಿಂತಿತು. ಮಗನ ಮುಖ ಬಿಳಿಚಿಕೊಂಡಿತು, ಕೈ ಸ್ವಿಚ್ಚಿನ ಕಡೆ ಹೋಯಿತು. ‘ಮುಟ್ಟಬೇಡ, ಕಾಯಿ’ ಎಂದೆ. ಡಿಡಿಆರ್5 ರ‍್ಯಾಮಿನ ಬೋರ್ಡು ಮೊದಲ ಸಲ ಏಳುವಾಗ ರ‍್ಯಾಮಿನ ಜೊತೆ ತನ್ನ ತಾಳಮೇಳವನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಹಲವು ನಿಮಿಷ ಹಿಡಿಯಬಹುದು. ಗೊತ್ತಿಲ್ಲದವರು ಆಫ್ ಮಾಡಿ ಆನ್ ಮಾಡಿ, ಬೋರ್ಡು ಸತ್ತಿದೆಯೆಂದು ಅಂಗಡಿಗೆ ಓಡುತ್ತಾರೆ. ನಾವು ಕಾಫಿ ಕುಡಿದೆವು. ಲೋಟ ತೊಳೆಯುವ ಹೊತ್ತಿಗೆ ಪರದೆಯ ಮೇಲೆ ಬಯಾಸ್ ಬಂತು.

ಆ ರಾತ್ರಿ ಕಾರ್ಡಿಲ್ಲದ ಆ ಯಂತ್ರದಲ್ಲಿ ಓಡಬಲ್ಲ ಆಟವೆಂದು ಅವನೇ ಹುಡುಕಿ ಹಾಕಿದ್ದು ಏಜ್ ಆಫ್ ಎಂಪೈರ್ಸ್, 2019ರಲ್ಲಿ ಹೊಸ ರೂಪದಲ್ಲಿ ಬಂದದ್ದು. ನಾನು ನನ್ನ ಲ್ಯಾಪ್‌ಟಾಪ್ ತೆರೆದೆ. ಸೈನ್ಯಗಳು ಎದುರಾದಾಗ ಆಟ ಒಂದಿಷ್ಟೂ ನಿಧಾನವಾಗಲಿಲ್ಲ. ಅಕ್ಕ ಮಗನ ಹಿಂದೆ ನಿಂತು, ಕುರಿಗಳು ಎಲ್ಲಿಗೆ ಹೋದವೆಂದು ಕೇಳುತ್ತಿದ್ದಳು. ಬೆಳಿಗ್ಗೆ ಹೊತ್ತಿಗೆ ಆಟಕ್ಕೆ ಇಷ್ಟೊಂದಾ ಎಂಬ ಪ್ರಶ್ನೆ ಮನೆಯಲ್ಲಿ ಉಳಿದಿರಲಿಲ್ಲ. ತನ್ನ ಕೈಯಾರೆ ಕೂರಿಸಿದ ಯಂತ್ರ ಎದ್ದು ನಿಂತದ್ದನ್ನು ಕಂಡ ಹುಡುಗನಿಗೆ ಎಂಜಿನಿಯರಿಂಗ್ ಕಾಲೇಜಿಗೆ ಕಾಲಿಡುವ ಮುನ್ನವೇ ಒಂದು ಪಾಠ ಆಗಿರುತ್ತದೆಂದು ನಾನು ಅಕ್ಕನಿಗೆ ಹೇಳಿದೆ, ಈಗ ಮಕ್ಕಳ ಬೇಡಿಕೆ ಎದುರಿಸುತ್ತಿರುವ ಅಪ್ಪ ಅಮ್ಮಂದಿರಿಗೂ ಹೇಳುತ್ತೇನೆ. ಕೊಡಿಸುವುದಾದರೆ ಪಕ್ಕದಲ್ಲಿ ಕೂತು ಅವರ ಕೈಯಲ್ಲೇ ಜೋಡಿಸಿ.

ಹೊರಡುವ ಮುಂಚೆ ಒಂದು ಕೆಲಸ ಬಾಕಿ ಇತ್ತು. ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತಿತ್ತು. ಆ ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಇರಲಿಲ್ಲ. ಹಳೆಯ ಮನೆಗಳಲ್ಲಿ ಇದು ಸಾಮಾನ್ಯ, ಜನ ಅಭ್ಯಾಸ ಮಾಡಿಕೊಂಡುಬಿಡುತ್ತಾರೆ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿದೆವು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪವರ್ ಪ್ಲಗ್ಗಿನ ಜೊತೆ ಬ್ರಾಡ್‌ಬ್ಯಾಂಡಿನ ಲ್ಯಾನ್ ತಂತಿಯನ್ನೂ ಕೀಳಬೇಕೆಂದು ಹೇಳಿ ಬಂದೆ. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬೋರ್ಡಿಗೆ ನುಗ್ಗುತ್ತದೆ.

ಇದನ್ನು ಓದಿ ಬೋರ್ಡು ಕೊಳ್ಳಲು ಹೊರಟವರು ಯಾರಾದರೂ ಇದ್ದರೆ ಒಂದು ಮಾತು. ಸಾಕೆಟ್ಟಿನಿಂದ ಟಪ್ಪೆಂದು ಏಳುವ ಆ ಕಪ್ಪು ಮುಚ್ಚಳವನ್ನು ಕಸಕ್ಕೆ ಹಾಕಬೇಡಿ. ಬಿಲ್ಲಿನ ಜೊತೆ ಬೋರ್ಡಿನ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ವಾರಂಟಿಗೆ ಬೋರ್ಡು ಕಳಿಸಬೇಕಾಗಿ ಬಂದರೆ ಪಿನ್ನುಗಳ ಮೇಲೆ ಅದನ್ನು ಹಾಕಿಯೇ ಕಳಿಸಬೇಕೆಂದು ತಯಾರಕರು ಕೇಳುತ್ತಾರೆ.